ಮರದ ಮೇಲೆ ಹಿತ್ತಾಳೆ, ಹಿತ್ತಾಳೆಯ ಮೇಲೆ ಹೆಸರು

ಮನೆ ಕಟ್ಟಿಸಿದವರು ಎಲ್ಲಕ್ಕಿಂತ ಕೊನೆಗೆ ನೆನೆಸಿಕೊಳ್ಳುವ ವಸ್ತುವೆಂದರೆ ಬಾಗಿಲ ಪಕ್ಕದ ಹೆಸರಿನ ಫಲಕ. ಅಡಿಪಾಯಕ್ಕೆ ಮುಹೂರ್ತ ನೋಡುತ್ತಾರೆ. ಬಾಗಿಲಿನ ಮರಕ್ಕಾಗಿ ನಾಲ್ಕು ಸಾಮಿಲ್ಲು ಅಲೆಯುತ್ತಾರೆ. ಗೋಡೆಯ ಬಣ್ಣದ ವಿಷಯದಲ್ಲಿ ಗಂಡಹೆಂಡಿರ ನಡುವೆ ಎರಡು ದಿನ ಮಾತು ನಿಲ್ಲುವುದೂ ಉಂಟು. ಹೆಸರಿನ ಫಲಕ ಮಾತ್ರ ಗೃಹಪ್ರವೇಶದ ಹಿಂದಿನ ದಿನ ಯಾವನೋ ಹುಡುಗನ ಕೈಗೆ ಚೀಟಿ ಕೊಟ್ಟು ಅಂಗಡಿಯಿಂದ ತರಿಸಿದ್ದು. ಚೀಟಿಯಲ್ಲಿ ಏನಿತ್ತೋ, ಅಂಗಡಿಯವನು ಏನು ಓದಿಕೊಂಡನೋ, ಅಂತೂ ಮರುದಿನ ಬಂದ ನೆಂಟರೆಲ್ಲ ಬಾಗಿಲಲ್ಲಿ ನಿಂತು ಮೊದಲು ಓದುವುದು ಅದನ್ನೇ.

ನಾನು ಬಲ್ಲ ಒಂದು ಮನೆಯಲ್ಲಿ ಯಜಮಾನರು ತಮ್ಮ ತಾಯಿಯ ಹೆಸರನ್ನೇ ಮನೆಗೆ ಇಟ್ಟರು. ಆ ಹೆಸರಿನ ನಡುವೆ ಒಂದು ಧಕಾರ ಉಂಟು. ಹಿತ್ತಾಳೆಯ ಫಲಕ ಬಂದಾಗ ಧಕಾರದ ಕೆಳಗಿನ, ಮಕ್ಕಳು ಹೊಟ್ಟೆಸೀಳು ಎನ್ನುವ ಆ ಸಣ್ಣ ಗೆರೆ ಬಿಟ್ಟುಹೋಗಿತ್ತು. ಬಣ್ಣದಲ್ಲಿ ಬರೆದ ಹಲಗೆಯಾಗಿದ್ದರೆ ಕುಂಚದ ಒಂದು ಎಳೆತಕ್ಕೆ ಸರಿಹೋಗುತ್ತಿತ್ತು. ಗೃಹಪ್ರವೇಶದ ಗದ್ದಲದಲ್ಲಿ ಅದು ಯಜಮಾನರ ಕಣ್ಣಿಗೆ ಬೀಳಲಿಲ್ಲ. ಆಮೇಲೆ ದಿನವೂ ನೋಡುವ ವಸ್ತುವನ್ನು ಯಾರೂ ಓದುವುದಿಲ್ಲವಷ್ಟೆ. ಕೆಲವು ವರ್ಷಗಳ ತರುವಾಯ ಮೊಮ್ಮಗಳು ಶಾಲೆಗೆ ಸೇರಿ, ಅಕ್ಷರ ಕೂಡಿಸಿ ಓದಲು ಕಲಿತು, ‘ಅಜ್ಜಿ, ನಿನ್ನ ಹೆಸರು ತಪ್ಪಾಗಿದೆ’ ಎಂದಳು. ‘ನನಗೆ ಗೊತ್ತು ಮಗು, ನಿಮ್ಮಪ್ಪನಿಗೆ ಹೇಳಬೇಡ’ ಎಂದರಂತೆ ಆಕೆ.

ಈ ಹೊತ್ತು ನಾನು ಹೇಳಹೊರಟಿರುವುದು ಇಂಥ ಫಲಕವೊಂದನ್ನು, ಮರದ ಹಲಗೆಗೆ ಹಿತ್ತಾಳೆಯ ತಗಡು ಕೂರಿಸಿ, ಅದರಲ್ಲಿ ಹೆಸರು ಕೊರೆದು, ನೀವೇ ಮಾಡಿಕೊಳ್ಳುವ ಬಗೆಯನ್ನು. ಪೂರ್ತಿ ನೀವೇ ಮಾಡಬೇಕೆಂದೇನೂ ಇಲ್ಲ. ಕೊರೆಯುವ ಕೆಲಸವನ್ನು ಬಲ್ಲವರಿಗೆ ವಹಿಸಬಹುದು. ಆದರೆ ಒಂದು ಭಾಗವನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ಅದು ಕಾಗದದ ಮೇಲಿನ ಬರಹ. ಫಲಕ ಕೆಡುವುದು ಬಹುಪಾಲು ಲೋಹವನ್ನು ಮುಟ್ಟುವ ಮುಂಚೆಯೇ. ಒಂದು ಪೆನ್ಸಿಲೂ ಕಾಗದವೂ ಹತ್ತಿರ ಇದ್ದರೆ ಒಳ್ಳೆಯದು. ಅಕ್ಷರದ ಆಕಾರವನ್ನು ಬಾಯಿಂದ ಹೇಳಿ ತೋರಿಸುವುದು ಬಾನುಲಿಯಲ್ಲಿ ಕಷ್ಟದ ಕೆಲಸ.

ಮೊದಲು, ಏನು ಬರೆಯಬೇಕು? ಸಾಧ್ಯವಾದಷ್ಟು ಕಡಿಮೆ. ಶ್ರವಣಬೆಳಗೊಳದ ಗೊಮ್ಮಟನ ಎತ್ತರ ಸುಮಾರು ೫೮ ಅಡಿ. ಕ್ರಿ.ಶ. ೯೮೧ರ ಸುಮಾರಿನಲ್ಲಿ ಅದನ್ನು ನಿಲ್ಲಿಸಿದವನು ಗಂಗರ ಮಂತ್ರಿ ಚಾವುಂಡರಾಯ. ಆ ಮೂರ್ತಿಯ ಕಾಲ ಬಳಿ ಕನ್ನಡದಲ್ಲಿ ತನ್ನ ಹೆಸರು ಹೇಳಿ ‘ಮಾಡಿಸಿದ’ ಎಂದು ಕೆತ್ತಿಸಲು ಅವನಿಗೆ ಮೂರೇ ಪದ ಸಾಕಾದವು. ಅಂಥ ಕೆಲಸಕ್ಕೆ ಮೂರು ಪದ ಸಾಲುವುದಾದರೆ ನಮ್ಮ ಮೂವತ್ತು ನಲವತ್ತರ ನಿವೇಶನಕ್ಕೆ ಎಷ್ಟು ಬೇಕು? ಹೆಸರಿನ ಮುಂದೆ ಪದವಿಗಳು, ಹಿಂದೆ ಹುದ್ದೆ, ಅದರ ಕೆಳಗೆ ‘ನಿವೃತ್ತ’ ಎಂಬ ಮಾತು—ಇವು ಮನೆಗೆ ಬರುವವರಿಗೆ ಬೇಕಾದ ಸಂಗತಿಗಳಲ್ಲ. ಮೈಸೂರಿನಲ್ಲಿ ಕುವೆಂಪು ಅವರ ಮನೆಗೆ ‘ಉದಯರವಿ’ ಎಂದು ಹೆಸರು, ಐದು ಅಕ್ಷರ. ಮನೆಯಲ್ಲಿ ಇಬ್ಬರ ಹೆಸರು ಹಾಕುವುದಾದರೆ ಎರಡನ್ನೂ ಒಂದೇ ಗಾತ್ರದಲ್ಲಿ ಹಾಕಿ. ಗಂಡನ ಹೆಸರು ಅಂಗುಲ, ಹೆಂಡತಿಯದು ಅರ್ಧ ಅಂಗುಲ ಇರುವ ಫಲಕಗಳನ್ನು ಕಂಡಾಗ, ಮನೆಯ ಸಾಲದ ಕಂತು ಯಾರ ಸಂಬಳದಿಂದ ಹೋಗುತ್ತಿದೆಯೋ ಎಂದು ನನಗೆ ಅನುಮಾನ ಬರುವುದುಂಟು.

ಇನ್ನು ಅಕ್ಷರ. ಇಂಗ್ಲಿಷಿನ ದೊಡ್ಡ ಅಕ್ಷರಗಳು ಸಿಪಾಯಿಗಳ ಸಾಲಿದ್ದಂತೆ. ಎಲ್ಲಕ್ಕೂ ಒಂದೇ ಎತ್ತರ. ನಮ್ಮ ಅಕ್ಷರ ಸಂಸಾರವಂದಿಗ. ತಲೆಯ ಮೇಲೆ ತಲೆಕಟ್ಟೋ ಗುಡಿಸೋ ಏತ್ವವೋ ಕೂತಿರುತ್ತದೆ, ಬಲಗಡೆಗೆ ಕೊಂಬು, ದೀರ್ಘ, ಕೆಳಗೆ ಒತ್ತಕ್ಷರ. ‘ಲಕ್ಷ್ಮೀ’ ಎಂದು ಬರೆದು ನೋಡಿ. ಎರಡನೆಯ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಷಕಾರ ಮಕಾರಗಳ ಎರಡು ಒತ್ತು, ಬಲಕ್ಕೆ ದೀರ್ಘ—ಮೂರು ದಿಕ್ಕಿಗೂ ನೆಂಟರು. ಇವರಿಗೆಲ್ಲ ಜಾಗ ಕೊಡದೆ ಎರಡು ಸಾಲುಗಳನ್ನು ಒತ್ತೊತ್ತಾಗಿ ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಆಗ ಅಂಗಡಿಯವನು ಮಾಡುವ ಉಪಾಯವೆಂದರೆ ಒತ್ತನ್ನು ಕುಗ್ಗಿಸುವುದು. ಕುಗ್ಗಿದ ಒತ್ತು ನಾಲ್ಕು ಹೆಜ್ಜೆ ದೂರದಿಂದ ಒಂದು ಚುಕ್ಕೆಯಂತೆ ಕಾಣುತ್ತದೆ.

ಆದ್ದರಿಂದ ಕಾಗದದ ಮೇಲೆ ಒಂದು ಸಾಲಿಗೆ ನಾಲ್ಕು ಗೆರೆ ಎಳೆದುಕೊಳ್ಳಿ. ನಡುವಣ ಪಟ್ಟಿ ಅಕ್ಷರದ ಒಡಲಿಗೆ, ಮೇಲಿನದು ಗುಡಿಸಿಗೆ, ಕೆಳಗಿನದು ಒತ್ತಿಗೆ. ಒಡಲು ಮುಕ್ಕಾಲು ಅಂಗುಲವಾದರೆ ಮೇಲಕ್ಕೆ ಕಾಲು ಅಂಗುಲಕ್ಕೆ ತುಸು ಹೆಚ್ಚು, ಕೆಳಕ್ಕೆ ಅರ್ಧ ಅಂಗುಲ ಬಿಡಬೇಕು. ಅಂದರೆ ಒಂದು ಸಾಲಿಗೆ ಒಂದೂವರೆ ಅಂಗುಲಕ್ಕೆ ತುಸು ಹೆಚ್ಚು. ಎರಡು ಸಾಲಿನ ಫಲಕಕ್ಕೆ ೧೦ ಅಂಗುಲ ಉದ್ದ, ೫ ಅಂಗುಲ ಅಗಲದ ತಗಡು ಸರಿಯಾಗುತ್ತದೆ. ಹಲಗೆ ಸುತ್ತಲೂ ಒಂದಂಗುಲ ಹೆಚ್ಚು. ಹತ್ತು ಅಡಿ ದೂರದಿಂದ ಓದಲು ಒಂದಂಗುಲದ ಅಕ್ಷರ ಎಂಬುದು ಫಲಕ ಬರೆಯುವವರ ಹಳೆಯ ಲೆಕ್ಕ. ಅದು ಇಂಗ್ಲಿಷಿನ ದೊಡ್ಡ ಅಕ್ಷರಗಳನ್ನು ನೋಡಿ ಹಾಕಿದ ಲೆಕ್ಕವಾದ್ದರಿಂದ ನಾವು ಸ್ವಲ್ಪ ಧಾರಾಳವಾಗಿರಬೇಕು. ನಮ್ಮಲ್ಲಿ ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ, ಪಕಾರಕ್ಕೂ ಷಕಾರಕ್ಕೂ ನಡುವೆ ಇರುವುದು ಒಂದು ಸಣ್ಣ ಗೆರೆ. ಠಕಾರವನ್ನು ರಕಾರದಿಂದ ಬೇರೆ ಮಾಡುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಆ ಗೆರೆಯೂ ಚುಕ್ಕೆಯೂ ಉಳಿಯುವಷ್ಟು ದೊಡ್ಡದಾಗಿ ಅಕ್ಷರ ಇರತಕ್ಕದ್ದು.

ಬರೆದಾದ ಮೇಲೆ ಆ ಕಾಗದವನ್ನು ಫಲಕ ಬರುವ ಜಾಗದಲ್ಲೇ ಗೋಡೆಗೆ ಅಂಟಿಸಿ ಒಂದು ವಾರ ಬಿಡಿ. ಗೇಟಿನ ಬಳಿ ನಿಂತು ನೋಡಿ. ದೀಪ ಹಚ್ಚಿದ ಮೇಲೆ ನೋಡಿ. ಮುಖ್ಯವಾಗಿ, ನಿಮ್ಮ ಹೆಸರು ಗೊತ್ತಿಲ್ಲದ ಒಬ್ಬರಿಂದ ಅದನ್ನು ಗಟ್ಟಿಯಾಗಿ ಓದಿಸಿ. ಹಾಲಿನವನಾದರೂ ಸರಿ, ಪಕ್ಕದ ಮನೆಗೆ ಬಂದ ಅತಿಥಿಯಾದರೂ ಸರಿ. ಹೆಸರು ಗೊತ್ತಿರುವವರು ಕಣ್ಣಿನಿಂದ ಓದುವುದಿಲ್ಲ, ನೆನಪಿನಿಂದ ಓದುತ್ತಾರೆ.

ಇಷ್ಟೊಂದು ಎಚ್ಚರಿಕೆ ಏಕೆ ಎಂದು ನೀವು ಕೇಳಬಹುದು. ನಮ್ಮ ನಾಡಿನಲ್ಲಿ ಲೋಹದ ಮೇಲೆ ಬರೆಯುವುದು ಹೊಸ ಕೆಲಸವಲ್ಲ. ಕದಂಬರು, ಗಂಗರು, ಚಾಲುಕ್ಯರು ಭೂಮಿ ದಾನ ಕೊಟ್ಟಾಗ ಅದನ್ನು ತಾಮ್ರದ ಹಲಗೆಗಳ ಮೇಲೆ ಬರೆಸಿ, ಹಲಗೆಗಳಿಗೆ ತೂತು ಮಾಡಿ, ಬಳೆ ಪೋಣಿಸಿ, ಬಳೆಗೆ ಮುದ್ರೆ ಒತ್ತುತ್ತಿದ್ದರು. ಚಾಲುಕ್ಯರ ಮುದ್ರೆಯಲ್ಲಿ ವರಾಹ. ಹೊಲದ ಎಲ್ಲೆ ಯಾವ ಹುಣಸೆಮರದವರೆಗೆ, ಯಾವ ಹಳ್ಳದವರೆಗೆ ಎಂಬುದು ಆ ತಗಡಿನಲ್ಲಿ ನಿಲ್ಲಬೇಕು. ಒಂದು ಅಕ್ಷರ ತಪ್ಪಿದರೆ ಮೊಮ್ಮಕ್ಕಳ ಕಾಲಕ್ಕೆ ವ್ಯಾಜ್ಯ. ಅನೇಕ ಶಾಸನಗಳಲ್ಲಿ ತಗಡಿನ ಅಂಚನ್ನು ಸ್ವಲ್ಪ ಎತ್ತಿ ಮಡಿಸಿರುವುದು ಕಾಣುತ್ತದೆ. ಒಂದರ ಮೇಲೊಂದು ತಗಡು ಉಜ್ಜಿ ಬರಹ ಸವೆಯಬಾರದೆಂದು ಈ ಏರ್ಪಾಡು. ಕೆಲವೆಡೆ ತಪ್ಪಿದ ಅಕ್ಷರದ ಜಾಗವನ್ನು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ, ಅದರ ಮೇಲೆ ಸರಿಯಾದ ಅಕ್ಷರ ಕೊರೆದಿದ್ದಾರೆ. ಹಳೆಯ ಅಕ್ಷರದ ನೆರಳು ಶಾಸನ ಓದುವವರ ಕಣ್ಣಿಗೆ ಇಂದಿಗೂ ಬೀಳುತ್ತದೆ. ಗಂಗರ ಹಲವು ತಾಮ್ರಶಾಸನಗಳ ಕೊನೆಯಲ್ಲಿ ಬರೆದವನೆಂದು ವಿಶ್ವಕರ್ಮಾಚಾರ್ಯ ಎಂಬ ಹೆಸರು ಬರುತ್ತದೆ. ದೊರೆಯ ಬಿರುದುಗಳೆಲ್ಲ ಮುಗಿದ ಮೇಲೆ, ಕೊನೆಯ ಸಾಲಿನಲ್ಲಿ, ಕೆಲಸ ಮಾಡಿದವನ ಹೆಸರು.

ಈಗ ಮರಕ್ಕೆ ಬರೋಣ. ಸಾಗವಾನಿ ಎಲ್ಲಕ್ಕಿಂತ ನೆಮ್ಮದಿಯ ಮರ. ಅದರಲ್ಲಿ ಸಹಜವಾದ ಎಣ್ಣೆಯ ಅಂಶ ಉಂಟು. ಮಳೆಬಿಸಿಲಿಗೆ ಬೇಗ ಸೊಟ್ಟಗಾಗುವುದಿಲ್ಲ. ಹೊನ್ನೆ, ಹಲಸು ಕೂಡ ಆದೀತು. ಬೀಟೆಯ ಕಪ್ಪಿನ ಮೇಲೆ ಹಿತ್ತಾಳೆ ಬಹಳ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಆ ಮರವನ್ನು ಕಡಿಯುವುದಕ್ಕೂ ಸಾಗಿಸುವುದಕ್ಕೂ ನಿರ್ಬಂಧಗಳುಂಟು. ಪೀಠೋಪಕರಣದ ಅಂಗಡಿಯಲ್ಲಿ ಉಳಿದ ತುಂಡು ಸಿಕ್ಕರೆ ಸಂತೋಷ, ಇಲ್ಲದಿದ್ದರೆ ಹುಡುಕಬೇಡಿ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೇಲಾದದ್ದು ಹಳೆಯ ಮನೆ ಕೆಡವಿದಾಗ ಬಂದ ಕಿಟಕಿಯ ಚೌಕಟ್ಟೋ ಬಾಗಿಲಿನ ಹಲಗೆಯೋ. ಅದು ಐವತ್ತು ವರ್ಷ ಒಣಗಿ ಪಕ್ವವಾಗಿರುತ್ತದೆ. ಅಜ್ಜನ ಮನೆಯ ಬಾಗಿಲು ಸೌದೆಗೆ ಹೋಗುವ ಬದಲು ಅದರ ಒಂದು ತುಂಡು ಹೊಸ ಮನೆಯ ಬಾಗಿಲಿಗೆ ಬಂದರೆ ಅದೂ ಒಂದು ಲಾಭವೇ. ಆದರೆ ಹಳೆಯ ಮರದಲ್ಲಿ ಮುರಿದ ಮೊಳೆಗಳು ಹುದುಗಿರುತ್ತವೆ. ಉಜ್ಜುಗೊರಡು ಇಡುವ ಮೊದಲು ಒಂದು ಅಯಸ್ಕಾಂತ ಹಿಡಿದು ಮೈಯೆಲ್ಲ ತಡವಿ ನೋಡಿ.

ಹಲಗೆ ಮುಕ್ಕಾಲು ಅಂಗುಲ ದಪ್ಪವಿರಲಿ. ಮರದ ಎಳೆ ಫಲಕದ ಉದ್ದಕ್ಕೆ ಹೋಗಲಿ. ಮರ ಎಂಬುದು ಗಾಳಿಯ ತೇವವನ್ನು ಕುಡಿದು ಹಿಗ್ಗುತ್ತದೆ, ಒಣ ಹವೆಯಲ್ಲಿ ಕುಗ್ಗುತ್ತದೆ. ಅದೂ ಎಳೆಗೆ ಅಡ್ಡಲಾಗಿ ಮಾತ್ರ, ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಸಾಗರದ ಮಳೆಗಾಲದಲ್ಲಿ ಮಾಡಿದ ಫಲಕವನ್ನು ರಾಯಚೂರಿನ ಬೇಸಗೆಗೆ ಕೊಂಡೊಯ್ದರೆ ನಾಲ್ಕಂಗುಲ ಅಗಲದಲ್ಲಿ ಒಂದು ಮಿಲಿಮೀಟರಿನಷ್ಟು ಅಂತರ ಬಂದರೆ ಅಚ್ಚರಿಯಿಲ್ಲ. ಹಿತ್ತಾಳೆಗೆ ತೇವದ ಗೊಡವೆಯೇ ಇಲ್ಲ. ಅದು ಬಿಸಿಲಿಗೆ ಹಿಗ್ಗುವುದು ನಿಜ, ಆದರೆ ಹತ್ತಂಗುಲದ ತಗಡು ೩೦ ಡಿಗ್ರಿ ಬಿಸಿಯಾದರೂ ಬೆಳೆಯುವುದು ಮಿಲಿಮೀಟರಿನ ಏಳರಲ್ಲೊಂದು ಪಾಲು. ಒಬ್ಬರು ಹಿಗ್ಗುವವರು, ಒಬ್ಬರು ಕದಲದವರು. ಇಬ್ಬರನ್ನೂ ಗಟ್ಟಿಯಾದ ಅಂಟಿನಿಂದ ಮೈತುಂಬ ಅಂಟಿಸಿದರೆ ಒಂದೆರಡು ವರ್ಷದಲ್ಲಿ ಹಲಗೆ ಬಿರಿಯುತ್ತದೆ, ಇಲ್ಲವೆ ತಗಡು ಎದ್ದು ನಿಲ್ಲುತ್ತದೆ. ಇದಕ್ಕೆ ಪರಿಹಾರವನ್ನು ಕೂರಿಸುವ ಹೊತ್ತಿಗೆ ಹೇಳುತ್ತೇನೆ.

ಹಿತ್ತಾಳೆಯ ತಗಡು ೧೬ ಗೇಜಿನದು, ಎಂದರೆ ಸುಮಾರು ೧.೬ ಮಿಲಿಮೀಟರ್ ದಪ್ಪ, ಸಾಕು. ತೆಳುವಾದದ್ದು ಕೊರೆಯುವಾಗ ಬಾಗುತ್ತದೆ. ಅಂಚನ್ನು ಅರದಿಂದ ಉಜ್ಜಿ, ಮೈಯನ್ನು ಗಾಜಿನ ಮೇಲೆ ಹಾಸಿದ ಉಪ್ಪುಕಾಗದದಿಂದ, ಮೊದಲು ಒರಟು, ಆಮೇಲೆ ನಯ, ಒಂದೇ ದಿಕ್ಕಿಗೆ ತಿಕ್ಕಿ. ಬಳಿಕ ಸೋಪಿನಿಂದ ತೊಳೆದು, ಬೆರಳು ತಾಗದಂತೆ ಒಣಗಿಸಿ, ತೆಳ್ಳಗೆ ಬಿಳಿಯ ಬಣ್ಣ ಬಳಿದು, ನಿಮ್ಮ ಕಾಗದದ ಬರಹವನ್ನು ಇಂಗಾಲದ ಕಾಗದದ ಮೂಲಕ ಅದರ ಮೇಲೆ ಇಳಿಸಿರಿ.

ಕೊರೆಯಲು ಮೂರು ದಾರಿಗಳಿವೆ. ಕೈಯಿಂದ ಕೊರೆಯುವುದು ಮೊದಲನೆಯದು. ಮದುವೆಯ ಪಾತ್ರೆಗಳ ಮೇಲೆ ಹೆಸರು ಕೊರೆಯುವುದನ್ನು ನೀವು ನೋಡಿಯೇ ಇರುತ್ತೀರಿ. ಹಿಂದೆ ಪಾತ್ರೆ ಅಂಗಡಿಯ ಜಗಲಿಯಲ್ಲಿ ಕೂತವನು ಚಾಣ ಹಿಡಿದು ಟಕ್ ಟಕ್ ಎಂದು ಚುಕ್ಕೆ ಚುಕ್ಕೆಯಾಗಿ ಬರೆಯುತ್ತಿದ್ದ. ಈಗ ವಿದ್ಯುತ್ತಿನ ಲೇಖನಿ ಗುಂಯ್‌ಗುಡುತ್ತ ಅದನ್ನೇ ಮಾಡುತ್ತದೆ. ಪಾತ್ರೆಗೆ ಅದು ಸಾಕು, ಬಾಗಿಲಿಗೆ ಸಾಲದು. ಫಲಕಕ್ಕೆ ಲೋಹವನ್ನು ಗೀರಿದರಾಗದು, ಎಳೆ ಎಳೆಯಾಗಿ ತೆಗೆಯಬೇಕು. ರಾಳ, ಇಟ್ಟಿಗೆ ಪುಡಿ, ಎಣ್ಣೆ ಸೇರಿಸಿ ಕಾಯಿಸಿದ ಮೇಣದ ಮೇಲೆ ತಗಡನ್ನು ಕೂರಿಸಿದರೆ ಅದು ಕದಲುವುದಿಲ್ಲ. ಕೆಲಸದ ಗುಟ್ಟು ಇರುವುದು ಒಂದೇ ಕಡೆ: ಉಳಿ ಹಿಡಿದ ಕೈ ನೆಟ್ಟಗೆ ಮುಂದೆ ಹೋಗುತ್ತದೆ, ತಿರುಗುವುದು ತಗಡು. ಇಂಗ್ಲಿಷಿನ ಅಕ್ಷರದಲ್ಲಿ ನೇರ ಗೆರೆ ಹೆಚ್ಚು. ನಮ್ಮದು ಉರುಟು ಲಿಪಿ. ಒಂದು ಮಕಾರಕ್ಕೆ ಎಡಗೈ ಎಷ್ಟು ಸಲ ತಗಡನ್ನು ತಿರುವಬೇಕೆಂಬುದನ್ನು ಮಾಡಿಯೇ ನೋಡಬೇಕು. ಬೇಡದ ತಗಡಿನ ಮೇಲೆ ಒಂದು ತಿಂಗಳು ಬರೀ ಸೊನ್ನೆಗಳನ್ನು ಕೊರೆದು ಕೈ ಪಳಗಿಸಿಕೊಂಡು ಹೆಸರಿಗೆ ಕೈಹಾಕಿ. ಕಣ್ಣಿಗೆ ಕನ್ನಡಕ ಇರಲಿ. ಎದ್ದ ಚೂರು ಸೂಜಿಯಷ್ಟು ಮೊನೆಯಾಗಿರುತ್ತದೆ.

ಎರಡನೆಯದು ಕರಗಿಸುವುದು. ರೇಡಿಯೋ ಪೆಟ್ಟಿಗೆಯೊಳಗೆ ತಾಮ್ರದ ಗೆರೆಗಳಿರುವ ಹಲಗೆ ಉಂಟಲ್ಲ, ಅದನ್ನು ಸಿದ್ಧಪಡಿಸಲು ಬಳಸುವ ಫೆರಿಕ್ ಕ್ಲೋರೈಡ್ ಎಂಬ ಲವಣವೇ ಇದಕ್ಕೂ ಸಾಕು. ಅಕ್ಷರ ಬಿಟ್ಟು ಉಳಿದೆಡೆಯೆಲ್ಲ, ಬೆನ್ನು ಮತ್ತು ಅಂಚು ಸಹಿತ, ವಾರ್ನಿಷ್ ಬಳಿದು, ಪ್ಲಾಸ್ಟಿಕ್ ತಟ್ಟೆಯ ದ್ರಾವಣದಲ್ಲಿ ತಗಡನ್ನು ಮುಖ ಕೆಳಗಾಗಿ ತೇಲಿಬಿಡಬೇಕು. ಕರಗಿದ ಗಸಿ ಕೆಳಗಿಳಿದು ಹೋಗಲೆಂದು ಹೀಗೆ. ಇದರಲ್ಲಿ ಒಂದು ತೊಡಕುಂಟು. ದ್ರಾವಣ ಕೆಳಕ್ಕೆ ತಿನ್ನುವಾಗ ಪಕ್ಕಕ್ಕೂ ತಿನ್ನುತ್ತದೆ. ಬಹಳ ಹೊತ್ತು ಬಿಟ್ಟರೆ ಎರಡು ಗೆರೆಗಳ ನಡುವಣ ಸಂದು ಮುಚ್ಚಿಹೋಗಿ ಅಕ್ಷರ ಊದಿಕೊಳ್ಳುತ್ತದೆ. ಬೇಗ ತೆಗೆದರೆ ಬರಹ ಮೇಲೆ ಮೇಲೆ ನಿಲ್ಲುತ್ತದೆ. ಅಕ್ಷರ ದೊಡ್ಡದಿದ್ದರೆ ಈ ದಾರಿ ಹಿಡಿಯಬಹುದು. ಕೈಗವಸು ಬೇಕೇ ಬೇಕು. ಮಿಕ್ಕ ದ್ರಾವಣದಲ್ಲಿ ತಾಮ್ರ ಸೇರಿರುತ್ತದೆ. ಅದು ಮೀನಿಗೂ ಗಿಡಕ್ಕೂ ವಿಷ. ಮೋರಿಗೆ, ಬಾವಿಯ ಬಳಿ, ತೆಂಗಿನ ಬುಡಕ್ಕೆ ಎಲ್ಲಿಗೂ ಸುರಿಯಕೂಡದು. ಈ ಮಾತಿಗೆ ಒಪ್ಪದವರು ಈ ದಾರಿಯನ್ನೇ ಬಿಡುವುದು ಮೇಲು.

ಮೂರನೆಯದು ಯಂತ್ರ. ಈಚೆಗೆ ಎಲ್ಲ ಊರುಗಳಲ್ಲೂ ಗಣಕಯಂತ್ರದಿಂದ ಕೊರೆಯುವವರಿದ್ದಾರೆ, ಲೇಸರ್ ಕಿರಣದಿಂದ ಬರೆಯುವವರೂ ಇದ್ದಾರೆ. ಮರವನ್ನು ಸುಟ್ಟು ಬರೆಯುವ ಇಂಗಾಲಾಮ್ಲದ ಲೇಸರ್ ಹಿತ್ತಾಳೆಯ ಮೇಲೆ ನಡೆಯದು. ಹೊಳಪಿನ ಲೋಹ ಆ ಕಿರಣವನ್ನು ಹಿಂದಕ್ಕೆ ಅಟ್ಟುತ್ತದೆ. ಲೋಹಕ್ಕೆ ಬೇರೆಯ ಬಗೆಯದೇ ಬೇಕು. ಯಂತ್ರದ ಕೈ ನಡುಗುವುದಿಲ್ಲ, ಆದರೆ ಅದಕ್ಕೆ ಕನ್ನಡ ಬರುವುದಿಲ್ಲ. ನೀವು ಟೈಪು ಮಾಡಿ ಕಳುಹಿಸಿದ ‘ಪಾರ್ವತಿ’ ಆ ಅಂಗಡಿಯ ಗಣಕಯಂತ್ರದಲ್ಲಿ ತೆರೆದಾಗ ಅರ್ಕಾವತ್ತು ಸ್ಥಾನ ಬಿಟ್ಟು ಕದಲಿರಬಹುದು, ಒತ್ತು ಕಳಚಿ ಬದಿಗೆ ಬಿದ್ದಿರಬಹುದು. ಅಕ್ಷರವನ್ನು ಅಕ್ಷರವಾಗಿ ಕಳುಹಿಸದೆ, ಗೆರೆಗಳ ಚಿತ್ರವಾಗಿ ಮಾರ್ಪಡಿಸಿ ಕಳುಹಿಸಿದರೆ ಈ ಭಯವಿಲ್ಲ. ಆದರೂ ಕೊರೆಯುವ ಮುಂಚೆ ಕಾಗದದ ಮೇಲೆ ಒಂದು ಅಚ್ಚು ತೆಗೆಸಿ, ನೀವು ಗೋಡೆಗೆ ಅಂಟಿಸಿದ್ದ ಕಾಗದದ ಪಕ್ಕದಲ್ಲಿಟ್ಟು, ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ನೋಡಿ ಸಹಿ ಹಾಕಿಕೊಡಿ. ಯಾವ ದಾರಿಯಾದರೂ ಆಳ ಇರಬೇಕು. ಉಗುರು ಆಡಿಸಿದರೆ ಗೆರೆಯಲ್ಲಿ ಸಿಕ್ಕಿಕೊಳ್ಳಬೇಕು.

ಕೊರೆದ ಗೆರೆಗೆ ಕಪ್ಪು ಎನಾಮಲ್ ತುಂಬಿ, ಗಟ್ಟಿ ರಟ್ಟಿನ ಅಂಚಿನಿಂದ ಮೇಲ್ಮೈ ಕೆರೆದು, ಎರಡು ದಿನ ಒಣಗಿದ ಮೇಲೆ ಅತಿ ನಯದ ಉಪ್ಪುಕಾಗದದಿಂದ ಒಮ್ಮೆ ತಿಕ್ಕಿದರೆ ಹೆಸರು ಎದ್ದು ಕಾಣುತ್ತದೆ. ಹಲಗೆಗೆ ಎಣ್ಣೆಯನ್ನೋ ವಾರ್ನಿಷನ್ನೋ ಬಳಿಯುವಾಗ ಮುಂಭಾಗಕ್ಕೆ ಎಷ್ಟು ಸಲವೋ ಹಿಂಭಾಗಕ್ಕೂ ಅಷ್ಟೇ ಸಲ ಬಳಿಯಿರಿ. ಗೋಡೆಗೆ ಮುಖ ಮಾಡಿದ ಭಾಗವನ್ನು ಯಾರು ನೋಡುತ್ತಾರೆ ಎಂದು ಬಿಟ್ಟರೆ ಆ ಕಡೆಯಿಂದ ತೇವ ಹೊಕ್ಕು ಹಲಗೆ ದೋಣಿಯಂತೆ ಬಾಗುತ್ತದೆ.

ಕೂರಿಸುವುದು ನಾಲ್ಕು ತಿರುಪಿನಿಂದ. ಮೇಲಿನ ಎರಡು ತೂತು ತಿರುಪಿಗೆ ಸರಿಯಾಗಿರಲಿ. ಕೆಳಗಿನ ಎರಡನ್ನು ಅರದಿಂದ ಮೇಲೆಕೆಳಗೆ ಸ್ವಲ್ಪ ಉದ್ದ ಮಾಡಿ. ಮರ ಹಿಗ್ಗಿದಾಗ ತಿರುಪು ಆ ಸಂದಿನಲ್ಲಿ ಜಾರುತ್ತದೆ, ಯಾರಿಗೂ ನೋವಾಗುವುದಿಲ್ಲ. ತಗಡಿಗೂ ಹಲಗೆಗೂ ನಡುವೆ ತೆಳುವಾದ ಬಿಲ್ಲೆ ಇಟ್ಟರೆ ನೀರು ನಿಲ್ಲದೆ ಇಳಿದುಹೋಗುತ್ತದೆ. ತಿರುಪು ಹಿತ್ತಾಳೆಯದೇ ಆಗಬೇಕು. ಕಬ್ಬಿಣದ್ದು ಹಿತ್ತಾಳೆಯ ಜೊತೆ ಸೇರಿ ಬೇಗ ತುಕ್ಕು ಹಿಡಿಯುತ್ತದೆ, ಮರದ ಒಗರಿಗೆ ಕಪ್ಪು ಕಲೆಯನ್ನೂ ಬಿಡುತ್ತದೆ. ಹಿತ್ತಾಳೆಯ ತಿರುಪು ಮೆತ್ತಗೆ. ಒತ್ತಾಯ ಮಾಡಿದರೆ ಕತ್ತು ಮುರಿಯುತ್ತದೆ. ಅದೇ ಅಳತೆಯ ಉಕ್ಕಿನ ತಿರುಪನ್ನು ಮೊದಲು ತಿರುಗಿಸಿ ದಾರಿ ಮಾಡಿ, ಅದನ್ನು ತೆಗೆದು, ಹಿತ್ತಾಳೆಯದಕ್ಕೆ ಸ್ವಲ್ಪ ಮೇಣ ಸವರಿ ಹಾಕಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ.

ಹಬ್ಬ ಬಂದರೆ ನಮ್ಮ ಮನೆಗಳಲ್ಲಿ ಹಿತ್ತಾಳೆ ಎಂದು ಕಂಡದ್ದಕ್ಕೆಲ್ಲ ಹುಣಸೆಹಣ್ಣು ಬೀಳುತ್ತದೆ. ಹುಳಿ ಕಿಲುಬನ್ನು ತೆಗೆಯುವುದೇನೋ ನಿಜ. ಆದರೆ ಗೋಡೆಯ ಮೇಲಿದ್ದಂತೆಯೇ ತಿಕ್ಕಿದರೆ ಹುಳಿನೀರು ಹಲಗೆಯ ಮೇಲೆ ಇಳಿದು ಕಲೆ ಕಟ್ಟುತ್ತದೆ. ತಿಕ್ಕಿ ತಿಕ್ಕಿ ಆಳವಿಲ್ಲದ ಅಕ್ಷರ ಸವೆದೂ ಹೋಗುತ್ತದೆ. ತಗಡನ್ನು ಬಿಚ್ಚಿ, ಹಗುರವಾಗಿ ತೊಳೆದು, ಪೂರ್ತಿ ಒಣಗಿಸಿ ಮತ್ತೆ ಕೂರಿಸಿರಿ. ಮಂಗಳೂರು, ಕಾರವಾರದ ಕಡೆಯವರು ಉಪ್ಪುಗಾಳಿಯ ಕಾರಣ ಇದನ್ನು ಪದೇ ಪದೇ ಮಾಡಬೇಕಾದೀತು. ಬಣ್ಣವಿಲ್ಲದ ಲ್ಯಾಕರ್ ಬಳಿದುಕೊಂಡರೆ ಕೆಲವು ವರ್ಷ ನೆಮ್ಮದಿ.

ಗೋಡೆಗೆ ಏರಿಸುವ ಮುಂಚೆ ಹಲಗೆಯ ಹಿಂಭಾಗದಲ್ಲಿ ಪೆನ್ಸಿಲಿನಿಂದ ಇಸವಿ, ಮರ ಯಾವ ಮನೆಯದು, ಕೊರೆದವರು ಯಾರು ಎಂಬಷ್ಟನ್ನು ಬರೆದಿಡಿ. ತಿರುಪು ಕೊಳ್ಳುವಾಗ ನಾಲ್ಕರ ಬದಲು ಆರು ಕೊಳ್ಳಿ. ಮಿಕ್ಕ ಎರಡನ್ನು ನಿಮ್ಮ ಮೂಲ ಕಾಗದದಲ್ಲೇ ಸುತ್ತಿ ಮನೆಯ ಪತ್ರಗಳ ಜೊತೆ ಇಟ್ಟಿರಿ. ಹತ್ತು ವರ್ಷ ಕಳೆದ ಮೇಲೆ ಅದೇ ಅಳತೆಯದು ಬೇಕೆಂದು ಅಂಗಡಿಗೆ ಹೋದರೆ ಸಿಗುವುದಿಲ್ಲ.